ಪಾಟೀಸವಾಲು

"ಟೈಲರಕ್ಕ ಅಂದರೆ ನೀವೇ ತಾನೆ?"

ವಿಮಾ ಕಂಪನಿಯ ವಕೀಲರು ಕೇಳಿದ ಮೊದಲ ಪ್ರಶ್ನೆ ಅದು. ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಅವಳು ತಲೆಯಾಡಿಸಿದಳು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವಳ ತಂಗಿ ಮಾತ್ರ ಆ ಹೆಸರು ಕೇಳಿ ತಟ್ಟನೆ ಮುಂದಕ್ಕೆ ಬಾಗಿದಳು.

"ತಲೆ ಆಡಿಸಿದರೆ ಟೈಪ್ ಆಗೋದಿಲ್ಲಮ್ಮ. ಬಾಯಲ್ಲಿ ಹೇಳಿ," ಎಂದರು ನ್ಯಾಯಾಧೀಶರು.

"ಹೌದು ಸ್ವಾಮಿ, ನಾನೇ."

ವಕೀಲರು ಕಾಗದವೊಂದನ್ನು ಎತ್ತಿ ಹಿಡಿದರು. ಆನ್‌ಲೈನ್ ಹರಾಜಿನ ಪುಟ. ಹಳೆಯದೊಂದು ಮೋಟಾರು ಹೊಲಿಗೆ ಯಂತ್ರದ ಚಿತ್ರ, ಅದರ ಕೆಳಗೆ ಸವಾಲು ಹಾಕಿದವರ ಪಟ್ಟಿ. ಹನ್ನೊಂದು ಸಲ ಒಂದೇ ಹೆಸರು: ಟೈಲರಕ್ಕ. ಪಕ್ಕದಲ್ಲಿ ಅವಳ ಹೊಲಿಗೆ ಅಂಗಡಿಯ ಬೋರ್ಡಿನ ಪುಟ್ಟ ಚಿತ್ರ. ಹೋದ ತಿಂಗಳು ಫೋನಿನಲ್ಲಿ ಅದನ್ನೆಲ್ಲ ತುಂಬಿದವಳು ತಂಗಿಯೇ. ಹೆಸರೇನು ಎಂದು ಕೇಳಿದ ಕಡೆ ಎಲ್ಲರೂ ಕರೆಯುವ ಹೆಸರನ್ನೇ ಬರೆದಿದ್ದಳು. ಅದನ್ನು ಲೋಕವೆಲ್ಲ ಓದಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಎರಡು ವರ್ಷದ ಹಿಂದೆ, ಹಿಮ್ಮುಖವಾಗಿ ಬಂದ ಕಾರೊಂದು ಟೈಲರಕ್ಕನ ಬಲಗೈಯನ್ನು ಗೋಡೆಗೆ ಅದುಮಿತ್ತು. ಅಂದಿನಿಂದ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಿಲ್ಲ. ಹೊಲಿಗೆಯಿಂದಲೇ ಬದುಕುತ್ತಿದ್ದೆ, ಇನ್ನು ಹೊಲಿಯಲಾರೆ ಎಂಬುದೇ ಅವಳ ಅರ್ಜಿಯ ಜೀವ. ಕೈ ನೆಟ್ಟಗಿದೆ ಎಂದು ಕೋರ್ಟಿಗೆ ಅನಿಸಿಬಿಟ್ಟರೆ ಪರಿಹಾರವಿಲ್ಲ. ಪರಿಹಾರವಿಲ್ಲದಿದ್ದರೆ, ಅಂಗಡಿಗೆ ಹಾಕಿದ ಬೀಗವನ್ನು ನಾಳೆ ಮನೆಗೂ ಹಾಕಿ ಹೊರಡಬೇಕು. ಅದಕ್ಕೇ ಅವಳ ವಕೀಲರು ಹೊರಗೆ ಮೆಟ್ಟಿಲ ಮೇಲೇ ಎಚ್ಚರಿಸಿದ್ದರು: "ನಿಜ ಅನ್ನಿ, ಇಲ್ಲ ನಿಜವಲ್ಲ ಅನ್ನಿ. ಮೂರನೇ ಮಾತು ಆಡಿದಿರೋ, ಕೇಸು ಕೈಬಿಟ್ಟು ಹೋದ ಹಾಗೆ."

"ಹರಾಜಿನಲ್ಲಿ ಇಷ್ಟು ಚುರುಕಾಗಿ ಸವಾಲು ಹಾಕಿದ್ದೀರಿ," ಎಂದರು ಎದುರು ವಕೀಲರು. "ನನ್ನ ಪಾಟೀಸವಾಲಿಗೂ ಹಾಗೇ ಪಟಪಟ ಅಂತ ಉತ್ತರ ಕೊಡಿ. ಹನ್ನೊಂದಕ್ಕೇ ಯಾಕೆ ನಿಲ್ಲಿಸಿದಿರಿ?"

ಟೈಪಿಸ್ಟ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ತಂಗಿ ಮೊದಲೇ ಮಿತಿ ಹಾಕಿದ್ದಳು ಸ್ವಾಮಿ. ಅವರು ಏರಿಸಿದರು ಅಂತ ನಾವು ಏರಿಸಬಾರದು, ಕೈಯಲ್ಲಿ ಇರೋಷ್ಟೇ ಕೂಗಬೇಕು ಅಂದಿದ್ದಳು. ಮಿತಿ ಮುಟ್ಟಿತು, ಬಿಟ್ಟುಬಿಟ್ಟೆ."

"ಭೇಷ್! ಇಷ್ಟು ಯೋಚನೆ ಮಾಡೋರು ತಮಾಷೆಗೆ ಸವಾಲು ಹಾಕೋದಿಲ್ಲ." ವಕೀಲರು ಎರಡು ಹೆಜ್ಜೆ ಹತ್ತಿರ ಬಂದರು. "ಮತ್ತೆ ಹೊಲಿಯೋಕೇ ಅಂತ ಆ ಯಂತ್ರಕ್ಕೆ ಸವಾಲು ಹಾಕಿದಿರಿ ಅಂದರೆ ನಿಜ ತಾನೆ?"

ಅವಳ ವಕೀಲರು ಅರ್ಧ ಎದ್ದು ಕೂತರು. ಹಿಂದಿನ ಬೆಂಚಿನಿಂದ ತಂಗಿ ತನ್ನ ಎದೆಯನ್ನೇ ಮುಟ್ಟಿ ಮುಟ್ಟಿ ತೋರಿಸುತ್ತಿದ್ದಳು, ಯಂತ್ರ ನನಗೆ ಅಂತ ಹೇಳು, ನನಗೆ ಅಂತ. ಟೈಲರಕ್ಕ ಅದನ್ನು ನೋಡಿದಳು. ಆಮೇಲೆ ಅವಳ ಕಣ್ಣು ಮೊದಲಿನಂತೆ ಎದುರು ವಕೀಲರ ಕೋಟಿಗೇ ಹೋಗಿ ನಿಂತಿತು.

"ನಿಜ," ಎಂದಳು.

"ಹಾಗಾದರೆ ಕೈ ಸರಿಹೋಗಿದೆ."

"ಇಲ್ಲ."

"ಎರಡೂ ಹೇಗಮ್ಮ ನಿಜ ಆಗುತ್ತೆ? ಕೋರ್ಟಿಗೆ ಬಿಡಿಸಿ ಹೇಳಿ."

"ನಿಮ್ಮ ಕೋಟಿನ ಎರಡನೇ ಗುಂಡಿ ಒಂದೇ ಎಳೆಯಲ್ಲಿ ನಿಂತಿದೆ ಸ್ವಾಮಿ. ನೀವು ಎದುರು ಬಂದು ನಿಂತಾಗಿನಿಂದ ಈ ಕೈ ಅದರ ಕಡೆಗೇ ಎಳೀತಾ ಇದೆ." ಅವಳು ಶಾಲಿನೊಳಗಿಂದ ಬಲಗೈ ತೆಗೆದು ಕಟಕಟೆಯ ಮರದ ಮೇಲಿಟ್ಟಳು. ಹೆಬ್ಬೆರಳೊಂದು ದಿಕ್ಕಿಗೆ, ಉಳಿದವು ಇನ್ನೊಂದು ದಿಕ್ಕಿಗೆ ಬಿದ್ದುಕೊಂಡವು. "ಇನ್ನು ಆಗಲ್ಲ ಅಂತ ಡಾಕ್ಟರು ನನಗೆ ಹೇಳಿದ್ದಾರೆ. ನಾನು ಈ ಕೈಗೆ ಇನ್ನೂ ಹೇಳಿಲ್ಲ."

ವಕೀಲರ ಕೈ ಅವರಿಗೇ ಗೊತ್ತಿಲ್ಲದಂತೆ ಗುಂಡಿಯ ಮೇಲೆ ಹೋಯಿತು. ಅದು ಕಿತ್ತು ಬೆರಳಿಗೇ ಬಂತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಬೇರೆ ಪ್ರಶ್ನೆ ಇಲ್ಲ," ಎಂದು ಕೂತರು.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವಳು ಆಡಿದ ಮಾತನ್ನು ಹೇಗೆ ಬರೆಸುವುದೆಂದು ಅವರಿಗೂ ತೋಚಿದಂತಿರಲಿಲ್ಲ. ಕೊನೆಗೆ ದನಿ ತಗ್ಗಿಸಿ, "ಅಂದರೆ ಇನ್ನು ಹೊಲಿಯೋಕೆ ಆಗೋದಿಲ್ಲ. ಹಾಗೇ ಬರೆಸಲೇನಮ್ಮ?" ಎಂದು ಕೇಳಿದರು.

ಅವಳು ಮರದ ಮೇಲಿದ್ದ ತನ್ನ ಕೈಯನ್ನು ನೋಡಿದಳು. ಆಮೇಲೆ ತಲೆಯಾಡಿಸಿದಳು. ಈ ಸಲ ಬಾಯಲ್ಲಿ ಹೇಳಿ ಎಂದು ಯಾರೂ ಅನ್ನಲಿಲ್ಲ.

ಟೈಪು ಮುಗಿಯಿತು. ರುಜು ಹಾಕಿಸುವ ಮುಂಚೆ ಗುಮಾಸ್ತ ಎದ್ದು ನಿಂತು, ನಿಯಮದಂತೆ, ಇಡೀ ಕೋಣೆಗೆ ಕೇಳುವ ಹಾಗೆ ಓದತೊಡಗಿದ: "ನನ್ನ ಬಲಗೈಯಿಂದ ಇನ್ನು ಯಾವತ್ತೂ..."

ಟೈಲರಕ್ಕ ಬಲಗೈಯನ್ನು ಸರ್ರನೆ ಶಾಲಿನೊಳಗೆ ಎಳೆದುಕೊಂಡಳು. ಕೇಳಬಾರದ ಮಾತು ಬಂದಾಗ ತಾಯಿ ಮಗುವಿನ ಕಿವಿ ಮುಚ್ಚುತ್ತಾಳಲ್ಲ, ಹಾಗೆ ಅದರ ಮೇಲೆ ಎಡಗೈಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದು ನಿಂತಳು.