ಐದು ರೂಪಾಯಿಯ ಕೆಂಪು ಚೀಟಿ

“ಒಂದು ರೂಪಾಯಿದು ಸಾಕು ಆಕೀಗೆ,” ಎಂದು ಕಂಪೌಂಡರ್ ಪ್ರಾಣೇಶ ಮೂರನೆಯ ಸಲ ಹೇಳಿದ. ಅಮಸಿದ್ದಪ್ಪ ಮೂರನೆಯ ಸಲವೂ ಒಪ್ಪಲಿಲ್ಲ. ಐದು ರೂಪಾಯಿಯ ನೋಟನ್ನು ಮೇಜಿನ ಮೇಲೆ ಇಟ್ಟು ಅಂಗೈಯಿಂದ ಒತ್ತಿ ಹಿಡಿದ.

ಬಾಗಲಕೋಟೆಯ ಪೇಟೆಯಲ್ಲಿದ್ದ ಡಾಕ್ಟರ್ ಪಂಢರೀನಾಥರ ದವಾಖಾನೆಯಲ್ಲಿ ಎರಡು ಬಗೆಯ ಚೀಟಿಗಳಿದ್ದವು. ಬಿಳಿ ಚೀಟಿಗೆ ಒಂದು ರೂಪಾಯಿ. ನಾಡಿ, ನಾಲಿಗೆ, ಒಂದು ಬಾಟ್ಲಿ ಔಷಧ. ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಕೆಂಪು ಚೀಟಿಗೆ ಐದು ರೂಪಾಯಿ. ಅದನ್ನು ಕೊಂಡವರನ್ನು ಡಾಕ್ಟರು ಒಳಕೋಣೆಯಲ್ಲಿ ಮಲಗಿಸಿ, ಅರ್ಧ ತಾಸು ಎದೆ, ಹೊಟ್ಟೆ, ಮೂತ್ರ ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ಅಡತಿ ಅಂಗಡಿಯ ಸಾವುಕಾರರು ಕೇಳುವ ಚೀಟಿ ಅದು. ಒಬ್ಬ ಪಟ್ಟೇವಾಲ ಕೇಳಿದ್ದನ್ನು ಪ್ರಾಣೇಶ ಈವರೆಗೆ ಕಂಡಿರಲಿಲ್ಲ.

ಅಮಸಿದ್ದಪ್ಪನಿಗೆ ಹುನಗುಂದದ ಕೋರ್ಟಿನಲ್ಲಿ ಜವಾನನ ಕೆಲಸ. ವಯಸ್ಸು ನಲವತ್ತರ ಆಸುಪಾಸು. ಸರಕಾರಿ ಖಾಕಿ ಕೋಟು ಬೇರೆ ಯಾರದೋ ಎಂಬಂತೆ ಅವನ ಹೆಗಲಿನಿಂದ ಜೋಲುತ್ತಿತ್ತು. ಬೆಳಗಿನ ಬಸ್ಸಿಗೆ ತಾಯಿಯನ್ನು ಕರೆತಂದಿದ್ದ. ತಾಯಿ ಬಸಲಿಂಗವ್ವನಿಗೆ ಅರವತ್ತೆಂಟು ವರ್ಷ. ಎರಡೂ ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ಬೆಂಚಿನ ಮೇಲೆ ಕುಳಿತಾಗಲೂ ಮಗನ ತೋಳು ಬಿಟ್ಟಿರಲಿಲ್ಲ.

ಏನು ಬೇನೆ ಎಂದು ಪ್ರಾಣೇಶ ಆಕೆಯನ್ನೇ ಕೇಳಿದ. ಏನೂ ಇಲ್ಲ, ಮಗ ಸುಮ್ಮನೆ ಎಳೆದುಕೊಂಡು ಬಂದಿದ್ದಾನೆ ಎಂದಳು. ನಿದ್ದೆ ಬರುತ್ತದೆ, ರೊಟ್ಟಿ ಅರಗುತ್ತದೆ. ಮಾತು ಸಿಕ್ಕಿತೆಂದು ಮನೆಯ ವಿಷಯವನ್ನೂ ಹೇಳಿಕೊಂಡಳು. ಸೊಸೆ ಬಾಣಂತನದಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ಮಗನಿಗೆ ಅಣ್ಣತಮ್ಮಂದಿರು ಯಾರೂ ಇಲ್ಲ. ಕಮತಗಿಯಲ್ಲಿ ಎರಡು ಎಕರೆ ಹೊಲವಿದೆ, ಅದು ತನ್ನ ಹೆಸರಿಗೇ ಇದೆ.

ಹೊಲ ಎಂದಾಗ ಪ್ರಾಣೇಶ ಅಮಸಿದ್ದಪ್ಪನ ಕಡೆಗೆ ನೋಡಿದ. ಅವನು ಕಿಟಕಿಯಾಚೆ ನೋಡುತ್ತಿದ್ದ.

ಪ್ರಾಣೇಶ ಅವನನ್ನು ಬದಿಗೆ ಕರೆದ. “ಒಳಗ ಏನೂ ಸಿಗಲಿಲ್ಲಂದ್ರ ರೊಕ್ಕ ವಾಪಸ್ ಕೊಡೂದಿಲ್ಲ ನೋಡು. ಆಮ್ಯಾಲ ತಕರಾರು ಮಾಡಬ್ಯಾಡ.”

“ಏನರೆ ಸಿಗತೈತ್ರಿ,” ಎಂದ ಅಮಸಿದ್ದಪ್ಪ. “ಈ ವಯಸ್ಸಿಗೆ ಏನರೆ ಇದ್ದs ಇರತೈತಿ.”

ಆ ದನಿಯಲ್ಲಿ ಅಂಜಿಕೆ ಇರಲಿಲ್ಲ, ಆಸೆ ಇತ್ತು. ಪ್ರಾಣೇಶನಿಗೆ ಅದು ಹಿಡಿಸಲಿಲ್ಲ. ಆದರೂ ಚೀಟಿ ಹರಿದುಕೊಟ್ಟ.

ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಮಸಿದ್ದಪ್ಪ ಗಂಟು ಬಿಚ್ಚಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತಾಯಿಯ ಕೈಗೆ ಕೊಟ್ಟ. ತಾನು ಮಾತ್ರ ಎರಡು ಗುಟುಕು ಮಜ್ಜಿಗೆ ಕುಡಿದ. ನೀನೂ ತಿಂದೆಯಾ ಎಂದು ತಾಯಿ ಕೇಳಿದಳು. ತಿಂದೆ ಎಂದು ಸುಳ್ಳು ಹೇಳಿ ಉಳಿದ ರೊಟ್ಟಿಯನ್ನು ಮತ್ತೆ ಗಂಟು ಕಟ್ಟಿದ. ರಾತ್ರಿಯ ಊಟದ ಖರ್ಚು ಉಳಿಸುತ್ತಿದ್ದಾನೆ ಎಂದುಕೊಂಡ ಪ್ರಾಣೇಶ.

ಡಾಕ್ಟರು ಚೀಟಿಗೆ ಮೋಸ ಮಾಡುವವರಲ್ಲ. ಬಸಲಿಂಗವ್ವನನ್ನು ಪೂರ್ತಿ ಅರ್ಧ ತಾಸು ಪರೀಕ್ಷಿಸಿದರು. ಎದೆಗೆ ನಳಿಗೆ ಇಟ್ಟು ಕೇಳಿದರು, ಬೆನ್ನು ಬಡಿದು ನೋಡಿದರು, ಹೊಟ್ಟೆ ಒತ್ತಿದರು, ಮೂತ್ರವನ್ನು ದೀಪದ ಮೇಲೆ ಕಾಯಿಸಿದರು. ಆಕೆ ಅವರಿಗೂ ಮಗನ ಕೆಲಸ, ಎರಡು ಎಕರೆ ಹೊಲ ಎಲ್ಲವನ್ನೂ ಹೇಳಿಕೊಂಡಳು. ಚೀಟಿ ತಾಯಿಯದಾಗಿತ್ತು; ಗೋಡೆಗೆ ಒರಗಿ ನಿಂತಿದ್ದ ಮಗನ ಕಡೆ ಅವರ ಗಮನ ಹೋಗಲಿಲ್ಲ. ಮುಗಿದ ಮೇಲೆ ಪ್ರಾಣೇಶ ಆಕೆಯನ್ನು ಹೊರಗಿನ ಬೆಂಚಿಗೆ ಕರೆದೊಯ್ದು ಕೂರಿಸಿ ಬಂದು, ಕೈ ತೊಳೆಯುತ್ತಿದ್ದ ಡಾಕ್ಟರಿಗೆ ಟವೆಲು ಹಿಡಿದ.

“ನಿನ್ನ ಅವ್ವ ಗಟ್ಟಿ ಇದ್ದಾಳಪ್ಪ,” ಎಂದರು ಡಾಕ್ಟರು ನಗುತ್ತ. “ಎದಿ ಛಲೋ ಅದ, ಸಕ್ಕರಿ ಇಲ್ಲ. ಇನ್ನ ಹದಿನೈದು ವರ್ಷ ನೀ ಏನೂ ಚಿಂತಿ ಮಾಡಬ್ಯಾಡ.”

ಅಮಸಿದ್ದಪ್ಪನ ಮುಖ ಇಳಿಯಿತು. ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತ. ಕುಳಿತಲ್ಲಿಂದಲೇ, ಇನ್ನೊಂದು ಸಲ ನೋಡಬೇಕು, ಇನ್ನೊಂದು ಕೆಂಪು ಚೀಟಿ ಮಾಡಿಸುತ್ತೇನೆ, ಕೋಟು ಒತ್ತೆಯಿಟ್ಟಾದರೂ ಹಣ ತರುತ್ತೇನೆ ಎಂದ. ನೂರು ಸಲ ನೋಡಿದರೂ ಅಷ್ಟೇ ಎಂದರು ಡಾಕ್ಟರು. ಅವರ ನಗು ನಿಂತಿತ್ತು.

“ಮೂರು ತಿಂಗಳದಾಗ ಆಕಿ ಹೋಗೂವಂಥಾದ್ದು ಏನೂ ಇಲ್ಲೇನ್ರಿ?”

ಪ್ರಾಣೇಶನ ಕೈಯಲ್ಲಿದ್ದ ಟವೆಲು ಹಾಗೇ ಉಳಿಯಿತು. ಡಾಕ್ಟರು ಸಣ್ಣ ದನಿಯಲ್ಲಿ ಹೇಳಿದರು: ಈ ಕೋಣೆಯಲ್ಲಿ ತಾಯಿಯನ್ನು ಉಳಿಸಿಕೊಡಿ ಎಂದು ಕಾಲು ಹಿಡಿದವರನ್ನು ನೋಡಿದ್ದೇನೆ, ಹೋಗುವ ದಿನ ಕೇಳಿದ ಮಗನನ್ನು ನೋಡಿದ್ದು ಇದೇ ಮೊದಲು. ಎರಡು ಎಕರೆಗೆ ಅಷ್ಟು ಅವಸರವಿದ್ದರೆ ನಿನ್ನ ಕೋರ್ಟಿನ ವಕೀಲರನ್ನು ಕೇಳು. ಇಂಥವನ ಐದು ರೂಪಾಯಿ ತನಗೆ ಬೇಡ, ವಾಪಸು ಕೊಟ್ಟು ಕಳಿಸು ಎಂದು ಪ್ರಾಣೇಶನಿಗೆ ಹೇಳಿದರು.

ಪ್ರಾಣೇಶ ನೋಟು ತಂದು ಅವನ ಮುಂದೆ ಎಸೆದ. ಅಮಸಿದ್ದಪ್ಪ ಅದನ್ನು ಮುಟ್ಟಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಬಾಗಿಲ ಕಡೆ ನೋಡಿದ. ಹೊರಗೆ ತಾಯಿ ಯಾರಿಗೋ ತನ್ನ ಮಗನ ಸುದ್ದಿ ಹೇಳುತ್ತಿದ್ದಳು. ಅವನೆದ್ದು ಬಾಗಿಲು ಮುಂದೆ ಮಾಡಿದ. ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿ, ಡಾಕ್ಟರ ಕೈ ಹಿಡಿದು ತನ್ನ ಪಕ್ಕೆಲುಬಿನ ಕೆಳಗೆ ಒತ್ತಿಸಿದ. ಕಲ್ಲಿನಂಥ ಗಡ್ಡೆಯ ಮೇಲೆ ಅವರ ಬೆರಳು ನಿಂತುಬಿಟ್ಟವು.

“ಸೊಲ್ಲಾಪುರದ ಡಾಕ್ಟರು ನನಗ ಅಷ್ಟs ಕೊಟ್ಟಾರ್ರಿ, ಮೂರು ತಿಂಗಳ,” ಎಂದ ಅಮಸಿದ್ದಪ್ಪ. “ಆಮ್ಯಾಲ ಹದಿನೈದು ವರ್ಷ ಆಕೀನ್ನ ಯಾರ ಕೈಯಾಗ ಬಿಟ್ಟು ಹೋಗ್ಲಿ?”