ಹೊಂಗೆ ತೋಪಿನ ಪಾಳಿ

ಮನುಷ್ಯರು ಕಾಣದ ಜಾಗವೆಲ್ಲ ಖಾಲಿ, ಖಾಲಿಯಾದದ್ದು ಬಿಲ್ಡರ್ ಪಾಲು ಎಂಬ ಕಾನೂನು ಬಂದ ಮೇಲೆ, ಬಡಾವಣೆಯವರು ಹೊಂಗೆ ತೋಪಿನಲ್ಲಿ ಹಗಲೂ ರಾತ್ರಿ ಪಾಳಿಯ ಮೇಲೆ ಕೂರುತ್ತಿದ್ದರು. ತಲೆ ಎಣಿಸಲು ಮೇಲೆ ಡ್ರೋನ್ ಸುತ್ತುತ್ತಿತ್ತು. ಅಳಿಲು, ಹಕ್ಕಿ, ಮರಗಳು ಅದರ ಲೆಕ್ಕಕ್ಕಿಲ್ಲ.

ಇಂದು ಗಿರಿಜಾಂಬನವರ ಪಾಳಿ. ಮುಂದಿನ ಪಾಳಿಯ ನಫೀಸಾ ಇನ್ನೂ ಬಂದಿರಲಿಲ್ಲ. ಇವರಿಗೋ ಬಚ್ಚಲಿಗೆ ಹೋಗದೆ ವಿಧಿಯಿರಲಿಲ್ಲ. ಬೇಲಿಯಾಚೆ ಬಿಲ್ಡರ್ ಕಡೆಯ ಲೋಹಿತ, ಅವರು ಯಾವಾಗ ಏಳುತ್ತಾರೋ ಎಂದು ಬಿಸಿಲಲ್ಲಿ ಕಾಯುತ್ತಿದ್ದ.

"ಏಳ್ತೀರಾ ಅಜ್ಜಿ?" ಎಂದ ಆಸೆಯಿಂದ.

"ಏಳ್ತೀನಪ್ಪ. ನೀನ್ಯಾಕೆ ಬಿಸಿಲಲ್ಲಿ ಒಣಗ್ತೀಯ? ಒಳಗ್ ಬಂದು ನೆರಳಲ್ಲಿ ಕೂತ್ಕೊ. ಮಜ್ಜಿಗೆ ಇದೆ."

ಅವನು ಬಂದು ಕೂತ. ಅವರು ಲೋಟ ತುಂಬಿಸಿ ಅವನ ಕೈಗಿಟ್ಟು ಮನೆಯ ಕಡೆ ನಡೆದರು.

ಬಿಲ್ಡರ್ ಸಾಹೇಬರ ಫೋನು ಬಂತು. "ಮುದುಕಿ ಎದ್ದಳೇನೋ?"

"ಹೋದ್ರು ಸಾರ್."

"ಮತ್ತೆ ಡ್ರೋನು ಒಬ್ರಿದಾರೆ ಅಂತಿದೆ?"

ಆ ಒಬ್ಬ ತಾನೇ ಎಂದು ಲೋಹಿತನಿಗೆ ಆಗ ಹೊಳೆಯಿತು. ಬೇಲಿ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಅದರಾಚೆ ಬಿಸಿಲು ಹಾಗೇ ಕಾಯುತ್ತಿತ್ತು. ಅವನು ಹೊಂಗೆಗೆ ಬೆನ್ನು ಒರಗಿಸಿದ.

"ಬೇರೆ ಯಾರೋ ಬಂದು ಕೂತವ್ನೆ ಸಾರ್," ಎಂದ. "ಸದ್ಯಕ್ಕೆ ಏಳೋ ಹಾಗೆ ಕಾಣಲ್ಲ."