ಚನ್ನವೀರಪ್ಪನವರ ಒಂದು ತಾಸು

ತೀರಿಕೊಂಡವರು ದಿನಕ್ಕೆ ಒಂದು ತಾಸು ಮಾತ್ರ ಮಾತಾಡುತ್ತಿದ್ದ ಕಾಲವದು. ಗದಗಿನ ನೀಲಾಂಬಿಕಾ ಸಂಜೆಯಾದರೆ ಪಡಸಾಲೆಯಲ್ಲಿ, ಸತ್ತವರ ದನಿ ತರುವ ಡಬ್ಬಿಯೆದುರು ಕೂತು ಗಂಡ ಚನ್ನವೀರಪ್ಪನವರ ಜೊತೆ ಹರಟುತ್ತಿದ್ದರು. ಬದುಕಿದ್ದಾಗ ಅವರು ದೇಶದೇಶಗಳಲ್ಲಿ ನಿರಾಶ್ರಿತರ ಶಿಬಿರ ನಡೆಸಿದವರು. ಈಗ ಅಂತರರಾಷ್ಟ್ರೀಯ ತುರ್ತು ನೆರವು ನಿಧಿ ಅವರನ್ನು ಸಲಹೆಗಾರರಾಗಲು ಕರೆದಿತ್ತು. ಒಪ್ಪಿದರೆ ಆ ತಾಸು ನಿಧಿಯ ಪಾಲು. ಹೆಂಡತಿ ಪಕ್ಕದಲ್ಲಿ ಕೂತು ಕೇಳಬಹುದು, ಅಷ್ಟೇ.

“ನೀ ಬ್ಯಾಡ ಅಂದ್ರ ಹೋಗಂಗಿಲ್ಲ,” ಎಂದರು ಚನ್ನವೀರಪ್ಪ.

“ಇದ್ದಾಗ ಒಂದಿನಾ ಕೇಳಲಿಲ್ಲ, ಸತ್ತಮ್ಯಾಲೆ ಶಾಣ್ಯಾ ಆದ್ರಿ,” ಎಂದು ನೀಲಾಂಬಿಕಾ ನಕ್ಕರು. ಸ್ವಲ್ಪ ಹೊತ್ತಿಗೆ ದನಿ ಇಳಿಸಿ, “ಹೋಗ್ರಿ. ಅಲ್ಲಿ ಮಂದಿ ಹಸದಾರ,” ಎಂದರು.

ಅದೇ ಪಡಸಾಲೆಯಲ್ಲಿ ಸೇರಿದ ಮೊದಲ ಸಭೆಯಲ್ಲಿ ನಿಧಿಯ ಅಧಿಕಾರಿಣಿ, ಚಂಡಮಾರುತಕ್ಕೆ ಸಿಕ್ಕ ದ್ವೀಪಗಳಲ್ಲಿ ಯಾವುದಕ್ಕೆ ಮೊದಲು ಅಕ್ಕಿ ಕಳಿಸಬೇಕೆಂದು ಕೇಳಿದಳು. ಡಬ್ಬಿಯಿಂದ ಸದ್ದೇ ಇಲ್ಲ.

“ಸಂಪರ್ಕ ಕಡಿದಿದೆ. ತೀರಿಕೊಂಡ ಬೇರೆ ಸಲಹೆಗಾರರನ್ನು ಎಬ್ಬಿಸಿ,” ಎಂದಳು ಅವಳು.

“ತಡೀ ತಂಗಿ,” ನೀಲಾಂಬಿಕಾ ತಡೆಯಲಾರದೆ ಬಾಯಿ ಹಾಕಿದರು. “ಅವರು ವಿಚಾರ ಮಾಡಾಕ್ಹತ್ಯಾರ. ಕಡಿದಿದ್ರ ನನಗ ತಿಳೀತಿತ್ತು.”

ಎಲ್ಲರೂ ಕಾದರು. ಆ ಮೌನದಲ್ಲಿ ಗಂಡ ಪಕ್ಕದಲ್ಲೇ ಕೂತಂತೆ ನೀಲಾಂಬಿಕಾಗೆ ಹಿತವಾಯಿತು.

“ಯಾವ ದ್ವೀಪ ಮೊದಲ ಅನ್ನೂದು ಆಮ್ಯಾಲೆ. ಮನಿ ಹಾರಿಹೋದಲ್ಲಿ ಬರೇ ಅಕ್ಕಿ ಹ್ಯಾಂಗ ಬೇಯಸ್ತಾರ?” ಕೊನೆಗೆ ಚನ್ನವೀರಪ್ಪನವರ ದನಿ ಬಂತು. “ಅದರ ಜೋಡಿ ಎಲ್ಲಾ ಕಡೆ ಬೋಗೋಣಿ, ಒಲಿ ಕಳಸ್ರಿ.”

ಅಧಿಕಾರಿಣಿ ಅದನ್ನು ಬರೆದುಕೊಂಡು ನೀಲಾಂಬಿಕಾರನ್ನು ಕೇಳಿದಳು, “ಅಮ್ಮಾ, ನಾಳೆಯಿಂದ ನೀವೂ ಸಭೆಗೆ ಬೇಕು. ಇವರು ಸುಮ್ಮನಾದರೆ ಅರ್ಥ ಹೇಳುವವರು ಬೇಡವೇ?”

“ನಾ ಮತ್ತ ಎಲ್ಲಿ ಹೋಗ್ಲಿ?” ಎಂದು ನೀಲಾಂಬಿಕಾ ಕುರ್ಚಿಯನ್ನು ಡಬ್ಬಿಯ ಹತ್ತಿರಕ್ಕೆ ಎಳೆದುಕೊಂಡರು.